ಬೋರ್ ನೀರಿನ ಮನೆಗೆ ಕಾವೇರಿ ಬಂದ ದಿನ

ಮನೆಮನೆಗೆ ಹೋಗಿ ಮೀನಿನ ಟ್ಯಾಂಕ್ ತೊಳೆದು ನೀರು ಬದಲಾಯಿಸೋದು ನನ್ನ ಕೆಲಸ. ಆ ಮನೆಗೆ ನಾಲ್ಕು ವರ್ಷದಿಂದ ಹದಿನೈದು ದಿನಕ್ಕೊಮ್ಮೆ ಹೋಗುತ್ತಿದ್ದೆ. ಮಹದೇವಪುರ ಕಡೆಯ ಅಪಾರ್ಟ್‌ಮೆಂಟ್, ನಾಲ್ಕಡಿ ಟ್ಯಾಂಕ್, ಆರು ಏಂಜಲ್ ಮೀನು. ನೀರು ಅಪ್ಪಟ ಬೋರು. ಟಿಡಿಎಸ್, ಅಂದರೆ ನೀರಲ್ಲಿ ಕರಗಿರುವ ಲವಣದ ಅಳತೆ, 900ರ ಹತ್ತಿರ, ಗಾಜಿನ ಮೇಲಂಚಿಗೆಲ್ಲ ಬಿಳಿ ಗೆರೆ ಕಟ್ಟಿಸುವ ನೀರು. ಮೀನಿನ ಕಿವಿರು ಸುಡುವ ಕ್ಲೋರಿನ್ ಇಲ್ಲ ಅನ್ನೋದೊಂದೇ ಅದರ ಪುಣ್ಯ. ಹಾಗಾಗಿ ಆ ಮನೆಯಲ್ಲಿ ಕ್ಲೋರಿನ್ ತೆಗೆಯುವ ಆಂಟಿ ಕ್ಲೋರಿನ್ ಬಾಟಲಿ ಬ್ಯಾಗಿನಿಂದ ಹೊರಗೆ ಬಂದಿದ್ದೇ ಇಲ್ಲ. ನನ್ನನ್ನು ಕೆಲಸಕ್ಕೆ ಕಳಿಸೋ ನಮ್ಮ ಓನರ್‌ಗೂ ಅದೇ ಬೇಕು. ತಿಂಗಳ ಕೊನೆಗೆ ಬಾಟಲಿ ಲೆಕ್ಕ ಕೇಳೋ ಮನುಷ್ಯ ಅವರು.

2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ಕ್ಲೋರಿನ್ ಹಾಕಿದ ಕಾವೇರಿ ನೀರು ತರುವ ಯೋಜನೆಯ ಐದನೇ ಹಂತ ಶುರುವಾಯ್ತು. 110 ಹಳ್ಳಿಗಳಿಗೆ ನೀರು ಅಂತ ಪೇಪರಿನಲ್ಲಿ ಓದಿ ನಾನೂ ಖುಷಿಪಟ್ಟಿದ್ದೆ. ಆ ನೀರು ಒಂದು ದಿನ ನನ್ನ ಪೈಪಿನಲ್ಲೇ ಬರುತ್ತೆ ಅಂತ ಮಾತ್ರ ಹೊಳೆಯಲಿಲ್ಲ.

ಅವತ್ತು ಎಂದಿನಂತೆ ಬಚ್ಚಲ ನಲ್ಲಿಗೆ ಪೈಪ್ ಹಾಕಿದೆ. ಬ್ಲೀಚಿಂಗ್ ವಾಸನೆ ಬಂತು. ಈಗತಾನೇ ಬಚ್ಚಲು ತೊಳೆದಿರಬೇಕು ಅಂದುಕೊಂಡೆ. ಟಿಡಿಎಸ್ ಮೀಟರ್ ಅದ್ದಿದರೆ 210! ಅನುಮಾನ ಬರಬೇಕಿತ್ತು ಅಲ್ವಾ? ನನಗೆ ಸಂತೋಷ ಬಂತು. ಇಷ್ಟು ಒಳ್ಳೆ ನೀರು ಸಿಕ್ಕಿದೆ, ಜಾಸ್ತಿನೇ ಬದಲಾಯಿಸೋಣ ಅಂತ ಕಾಲು ಭಾಗದ ಬದಲು ಅರ್ಧಕ್ಕಿಂತ ಹೆಚ್ಚು ನೀರು ತೆಗೆದೆ. ಫಿಲ್ಟರ್ ಸ್ಪಂಜನ್ನೂ ಅದೇ ನಲ್ಲಿ ಕೆಳಗೆ ಚೆನ್ನಾಗಿ ಹಿಂಡಿದೆ.

ಪೈಪ್ ಸುತ್ತುತ್ತಿದ್ದಾಗ ಆ ಮನೆಯ ಸರ್ ಕೇಳಿದರು, “ಏನಪ್ಪಾ, ಇವೆಲ್ಲ ಯಾಕೆ ಮೇಲೆ ನಿಂತಿವೆ?”

ಆರೂ ಮೀನು ನೀರಿನ ಮೇಲಕ್ಕೆ ಬಾಯಿ ಇಟ್ಟು ಏದುಸಿರು ಬಿಡುತ್ತಿದ್ದವು. ಕಿವಿರು ಪಟಪಟ ಬಡಿಯುತ್ತಿತ್ತು. ದೊಡ್ಡದೊಂದು ಓರೆಯಾಗಿ ಗಾಜಿಗೆ ಒರಗಿತ್ತು. “ಹೊಸ ನೀರಲ್ವಾ ಸರ್, ಸ್ವಲ್ಪ ಹೊತ್ತಿಗೆ ಸರಿಯಾಗುತ್ತೆ” ಅಂದೆ. ಆ ಮಾತು ನೆನೆಸಿಕೊಂಡರೆ ಈಗಲೂ ಮೈ ಪರಚಿಕೊಳ್ಳೋ ಹಾಗಾಗುತ್ತೆ. ಸುಮಾರು ಐದು ನಿಮಿಷ ಸುಮ್ನೆ ನಿಂತಿದ್ದೆ.

ಅಷ್ಟರಲ್ಲಿ ಸರ್ ಅಡುಗೆಮನೆಯಿಂದ ಒಂದು ಬಕೆಟ್ ಫಿಲ್ಟರ್ ನೀರು ಹೊತ್ತುಕೊಂಡು ಬಂದರು. “ಕಾವೇರಿ ನೀರು ಬೇಡಪ್ಪಾ, ಇದನ್ನೇ ಹಾಕೋಣ. ನಾವು ಕುಡಿಯೋದೇ ಇದು.”

“ಕಾವೇರಿನಾ ಸರ್?”

“ಹೋದ ವಾರ ಕನೆಕ್ಷನ್ ಬಂತಲ್ಲ. ಬೋರ್ ಮೋಟರ್ ಆಫ್ ಮಾಡಿಬಿಟ್ಟಿದ್ದಾರೆ.”

ಅವರ ಕೈಯಿಂದ ಬಕೆಟ್ ಇಳಿಸಿಕೊಂಡೆ. ಅದು ಆರ್‌ಒ ನೀರು, ಅದರಲ್ಲಿ ಲವಣವೇ ಹೆಚ್ಚುಕಡಿಮೆ ಇರಲ್ಲ. 900ಕ್ಕೆ ಒಗ್ಗಿದ್ದ ಮೀನಿಗೆ ಲವಣ ದಿಢೀರನೆ ಇಳಿದು ಆಗಲೇ ಒಂದು ಪೆಟ್ಟು ಬಿದ್ದಾಗಿತ್ತು. ಕೈ ನಡುಗುತ್ತಲೇ ಆಂಟಿ ಕ್ಲೋರಿನ್ ಅನ್ನು ಇಡೀ ಟ್ಯಾಂಕಿನ ಲೆಕ್ಕಕ್ಕೆ ಹಾಕಿ, ಗಾಳಿ ಗುಳ್ಳೆ ಬಿಡುವ ಎರಡು ಏರ್ ಸ್ಟೋನ್ ಇಳಿಬಿಟ್ಟೆ. ಅರ್ಧ ಗಂಟೆಗೆ ನಾಲ್ಕು ಮೀನು ಕೆಳಗಿಳಿದವು. ಕಿವಿರು ಸುಟ್ಟಿದ್ದ ಇನ್ನೆರಡು ಮೀನು ಅವತ್ತು ರಾತ್ರಿ ಸತ್ತವು.

ಅಷ್ಟಕ್ಕೇ ಮುಗಿಯಲಿಲ್ಲ. ಮೀನಿನ ಗಲೀಜಿನಿಂದ ಬರೋ ಅಮೋನಿಯಾವನ್ನು ತಿನ್ನುವ, ಸ್ಪಂಜಿನಲ್ಲಿದ್ದ ಒಳ್ಳೆ ಬ್ಯಾಕ್ಟೀರಿಯಾವನ್ನೂ ನಾನೇ ಆ ಕ್ಲೋರಿನ್ ನೀರಲ್ಲಿ ತೊಳೆದು ಕೊಂದಿದ್ದೆ. ಮೂರನೇ ದಿನ ನೀರು ಹಾಲಿನ ಹಾಗೆ, ಅಮೋನಿಯಾ ಏರಿಕೆ. ಎರಡು ವಾರ ಊಟ ಕಡಿಮೆ ಮಾಡಿಸಿ, ಡ್ರಮ್ಮಿನಲ್ಲಿ ಒಂದು ದಿನ ಏರ್ ಬಿಟ್ಟು ಇಟ್ಟ ನೀರನ್ನೇ ದಿನಾ ಸ್ವಲ್ಪ ಸ್ವಲ್ಪ ಬದಲಾಯಿಸಿದೆ. ಆ ಓಡಾಟದ ಪೆಟ್ರೋಲ್ ನನ್ನ ಜೇಬಿಂದಲೇ.

ಟಿಡಿಎಸ್ ಮೀಟರ್‌ಗೆ ಕ್ಲೋರಿನ್ ಕಾಣಲ್ಲ. ಇದು ನನಗೆ ಗೊತ್ತಿಲ್ಲದ ವಿಷಯ ಏನಲ್ಲ, ಹೊಸ ಹುಡುಗರಿಗೆ ನಾನೇ ಹೇಳಿಕೊಡುತ್ತಿದ್ದೆ! ಆದರೆ ಮನೆಗೆ ನಲವತ್ತು ನಿಮಿಷ ಅಂತ ಓನರ್ ಕಟ್ಟಿರುವ ಟೈಮಿನಲ್ಲಿ ಯೋಚಿಸೋಕೆ ಜಾಗ ಎಲ್ಲಿದೆ? ಕ್ಲೋರಿನ್ ಟೆಸ್ಟ್ ಕಿಟ್ ಕೊಡಿಸಿ ಅಂದರೆ, “ಮೂಗಿಲ್ವೇನೋ ನಿನಗೆ?” ಅಂದರು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಗೇಟಿನಲ್ಲೇ ಸೆಕ್ಯೂರಿಟಿ ಅಣ್ಣನನ್ನು ಕೇಳುತ್ತೇನೆ, ಇವತ್ತು ಬೋರಾ, ಟ್ಯಾಂಕರ್ರಾ, ಕಾವೇರಿನಾ? ಅವನು ನಗುತ್ತಾನೆ. ಸ್ವಿಮ್ಮಿಂಗ್ ಪೂಲಿನವರು ಬಳಸುವ, ಕ್ಲೋರಿನ್ ಇದ್ದರೆ ನೀರು ಹಳದಿ ತಿರುಗಿಸುವ ಡ್ರಾಪ್ಸನ್ನು ನಾನೇ ದುಡ್ಡು ಕೊಟ್ಟು ತಂದೆ. ಅದರ ಬಿಲ್ಲು ಇನ್ನೂ ಓನರ್ ಡ್ರಾಯರ್‌ನಲ್ಲಿದೆ.