ಕಲಬುರಗಿಯಿಂದ ಸುರಪುರಕ್ಕೆ: ಒಪ್ಪಂದಗಳ ಜಾಡಿನಲ್ಲಿ

ಕಲಬುರಗಿ ಕೋಟೆಗೆ ಬಂದವರು ಜಾಮಿಯಾ ಮಸೀದಿಯ ಕಮಾನುಗಳನ್ನೂ ಬುರುಜಿನ ಮೇಲಿನ ಉದ್ದನೆಯ ತೋಪನ್ನೂ ನೋಡಿ ಹೊರಡುವುದು ವಾಡಿಕೆ. 1367ರ ಈ ಮಸೀದಿಗೆ ತೆರೆದ ಅಂಗಳವಿಲ್ಲ. ಇಡೀ ಕಟ್ಟಡಕ್ಕೆ ಚಾವಣಿ ಇದೆ, ಬೇಸಿಗೆಯಲ್ಲೂ ಒಳಗೆ ತಂಪು. ಅಲ್ಲೇ ಸ್ವಲ್ಪ ಹೊತ್ತು ಕೂತು ಆ ಕಾಲದ ಒಂದು ಮಾತುಕತೆಯನ್ನು ನೆನೆಯಬೇಕು. ರಾಜ್ಯ ರಾಜ್ಯಗಳ ನಡುವಿನ ಕಾನೂನು ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಅಂತಹ ನಿದರ್ಶನ ನಮ್ಮ ನೆಲದಲ್ಲಿ ಇನ್ನೊಂದು ಸಿಗುವುದು ಕಷ್ಟ.

ಆಗ ಇಲ್ಲಿಂದ ಆಳುತ್ತಿದ್ದವನು ಮೊದಲನೇ ಮುಹಮ್ಮದ್ ಷಾ ಬಹಮನಿ. ವಿಜಯನಗರದ ಬುಕ್ಕರಾಯನೊಡನೆ ಭೀಕರ ಯುದ್ಧ ನಡೆಯಿತು. ಚರಿತ್ರೆಕಾರ ಫರಿಷ್ತಾ ಬರೆಯುವಂತೆ, ವಿಜಯನಗರದ ರಾಯಭಾರಿಗಳು ಸುಲ್ತಾನನ ಮುಂದೆ ಒಂದು ಬೇಡಿಕೆ ಇಟ್ಟರು: ಇನ್ನು ಮುಂದೆ ಯಾವ ಪಕ್ಷ ಗೆದ್ದರೂ ನಿರಾಯುಧ ಪ್ರಜೆಗಳನ್ನು ಕೊಲ್ಲಕೂಡದು. ಸುಲ್ತಾನ ಒಪ್ಪಿ ಪ್ರಮಾಣ ಮಾಡಿದ, ತನ್ನ ನಂತರದವರನ್ನೂ ಅದಕ್ಕೆ ಕಟ್ಟಿಹಾಕಿದ. ಫರಿಷ್ತಾ ಕೊಡುವ ಸಾವಿನ ಲೆಕ್ಕಗಳನ್ನು ಇತಿಹಾಸಕಾರರು ಹಾಗೇ ನಂಬುವುದಿಲ್ಲ. ಆದರೆ ಇಂಥದ್ದೊಂದು ಕಟ್ಟಳೆ ಇತ್ತೆಂಬ ತಿಳಿವಳಿಕೆ ಅವನ ಕಾಲಕ್ಕೂ ಉಳಿದಿತ್ತೆಂಬುದು ಮುಖ್ಯ. 1423ರ ಸುಮಾರಿಗೆ ಬಹಮನಿ ಸುಲ್ತಾನ ಅಹ್ಮದ್ ಷಾ ವಿಜಯನಗರದ ಸೀಮೆಯಲ್ಲಿ ಹೆಂಗಸರು ಮಕ್ಕಳೆನ್ನದೆ ಕೊಲ್ಲಿಸಿದ್ದನ್ನು ಬರೆಯುವಾಗ, ಇದು ಹಿಂದಿನ ಒಪ್ಪಂದಕ್ಕೆ ವಿರುದ್ಧವಾಗಿತ್ತು ಎಂದು ಫರಿಷ್ತಾ ಸ್ಪಷ್ಟವಾಗಿ ಸೇರಿಸುತ್ತಾನೆ.

ಈ ಒಂದು ವಾಕ್ಯದಲ್ಲಿ ರೂಢಿ ಕಾನೂನಿನ ಮರ್ಮವಿದೆ. ರೂಢಿ ಸಾಬೀತಾಗಲು ಎರಡು ಅಂಶ ಬೇಕು: ರಾಜ್ಯಗಳು ಸಾಮಾನ್ಯವಾಗಿ ಹಾಗೆ ನಡೆದುಕೊಳ್ಳಬೇಕು, ಮತ್ತು ಹಾಗೆ ನಡೆಯುವುದು ತಮ್ಮ ಬಾಧ್ಯತೆ ಎಂದು ನಂಬಿರಬೇಕು. ಯಾರೋ ಮುರಿದರೆಂದ ಮಾತ್ರಕ್ಕೆ ನಿಯಮ ಸಾಯುವುದಿಲ್ಲ. ಮುರಿದದ್ದನ್ನು ಉಳಿದವರು ‘ಉಲ್ಲಂಘನೆ’ ಎಂದೇ ಕಂಡರೆ ನಿಯಮಕ್ಕೆ ಅದೇ ಸಾಕ್ಷಿ. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 1986ರಲ್ಲಿ ನಿಕರಾಗುವಾ ಪ್ರಕರಣದಲ್ಲಿ ಹೇಳಿದ್ದೂ ಇದನ್ನೇ.

ಬೀದರಿಗೆ ಎರಡು ದಾರಿ. ಕಮಲಾಪುರ, ಹುಮನಾಬಾದ್ ಮೇಲೆ ಬಸ್ಸು, ಇಲ್ಲವೇ 2017ರಲ್ಲಿ ಶುರುವಾದ ಸುಮಾರು 110 ಕಿಲೋಮೀಟರಿನ ರೈಲು ಮಾರ್ಗ. ರೈಲು ಕಡಿಮೆ, ವೇಳೆ ನೋಡಿಕೊಂಡೇ ಹೊರಡಬೇಕು. ಆದರೂ ಚಳಿಗಾಲದಲ್ಲಿ ತೊಗರಿ ಹೊಲಗಳ ನಡುವೆ ಹಾದು, ಮರಗುತ್ತಿಯ ಸುರಂಗ ದಾಟಿ, ಕಪ್ಪು ಮಣ್ಣು ಕೆಂಪಾಗುವುದನ್ನು ಕಿಟಕಿಯಿಂದ ಕಾಣಬೇಕೆಂದರೆ ರೈಲೇ ಸರಿ.

ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದವನು ಅದೇ ಅಹ್ಮದ್ ಷಾ. ಅಷ್ಟೂರಿನಲ್ಲಿ ಅವನ ಗೋರಿಯಿದೆ. ಗುಮ್ಮಟದ ಒಳಗಿನ ಬಣ್ಣದ ಬರಹ ಇನ್ನೂ ಉಳಿದಿದೆ, ಅಲ್ಲಮಪ್ರಭುವಿನ ಹೆಸರಲ್ಲೂ ಅಲ್ಲಿ ಜಾತ್ರೆ ಕೂಡುತ್ತದೆ. ಊರೊಳಗೆ ನೋಡಲೇಬೇಕಾದದ್ದು ಬಹಮನಿ ಸುಲ್ತಾನರ ಪ್ರಧಾನಿಯಾಗಿದ್ದ ಮಹಮೂದ್ ಗವಾನನ ಮದರಸಾ. 1472ರ ಕಟ್ಟಡ. ಔರಂಗಜೇಬನ ಕಾಲದಲ್ಲಿ ಮದ್ದು ಸಿಡಿದು ಮುಂಭಾಗದ ಒಂದು ಪಾರ್ಶ್ವ ಹೋಗಿದೆ, ಒಂಟಿ ಮಿನಾರಿನಲ್ಲಿ ಹೆಂಚಿನ ಹೊಳಪು ಉಳಿದಿದೆ.

ಗವಾನ ಸತ್ತದ್ದು ಒಂದು ಮೊಹರಿನಿಂದ. ವಿರೋಧಿಗಳು ಅವನ ಮೊಹರು ಕಾಯುವವನಿಗೆ ಕುಡಿಸಿ ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡರು. ಬಹಮನಿಗಳ ಮೇಲೆ ದಂಡೆತ್ತಿ ಬಾ ಎಂದು ಒಡಿಶಾದ ರಾಜನಿಗೆ ಗವಾನನೇ ಬರೆದಂತೆ ಅದರಲ್ಲಿ ಪತ್ರ ಬರೆದರು. ಸುಲ್ತಾನ ವಿಚಾರಣೆ ಮಾಡದೆ 1481ರಲ್ಲಿ ತಲೆ ಕಡಿಸಿದ. ರಾಜ್ಯದ ಪರವಾಗಿ ಮಾತು ಕೊಡುವ ಅಧಿಕಾರ ಯಾರಿಗಿದೆ ಎಂಬ ಪ್ರಶ್ನೆಗೆ ಇಂದು ಲಿಖಿತ ಉತ್ತರವಿದೆ. ರಾಜ್ಯಗಳ ನಡುವಿನ ಒಪ್ಪಂದಗಳಿಗೆ ನಿಯಮ ಹೇಳುವ 1969ರ ವಿಯೆನ್ನಾ ಒಪ್ಪಂದದ 7ನೇ ವಿಧಿಯ ಪ್ರಕಾರ ರಾಷ್ಟ್ರದ ಮುಖ್ಯಸ್ಥ, ಸರ್ಕಾರದ ಮುಖ್ಯಸ್ಥ ಮತ್ತು ವಿದೇಶಾಂಗ ಸಚಿವ ಈ ಮೂವರಿಗೆ ಪ್ರತ್ಯೇಕ ಅಧಿಕಾರಪತ್ರ ಬೇಡ. ಉಳಿದವರು ಸಾಮಾನ್ಯವಾಗಿ ಅದನ್ನು ತೋರಿಸಿಯೇ ಸಹಿ ಹಾಕಬೇಕು. ಮೋಸದಿಂದ ಪಡೆದ ಒಪ್ಪಿಗೆಯನ್ನು ತಳ್ಳಿಹಾಕಲು 49ನೇ ವಿಧಿ, ಪ್ರತಿನಿಧಿಗೆ ಲಂಚ ಕೊಟ್ಟು ಪಡೆದದ್ದಕ್ಕೆ 50, ಅವನನ್ನು ಬೆದರಿಸಿ ಪಡೆದದ್ದಕ್ಕೆ 51. ಭಾರತ ಈ ಒಪ್ಪಂದಕ್ಕೆ ಸೇರಿಲ್ಲ, ಆದರೆ ಅದರ ಬಹುಭಾಗ ರೂಢಿ ಕಾನೂನೂ ಆಗಿರುವುದರಿಂದ ಸೇರದವರಿಗೂ ಅನ್ವಯಿಸುತ್ತದೆ. ಸಚಿವನ ಬಾಯಿಮಾತಿಗೂ ತೂಕವಿದೆ: ಗ್ರೀನ್‌ಲ್ಯಾಂಡ್ ವಿಷಯದಲ್ಲಿ ತೊಂದರೆ ಕೊಡುವುದಿಲ್ಲ ಎಂದು ನಾರ್ವೆಯ ವಿದೇಶಾಂಗ ಸಚಿವ 1919ರಲ್ಲಿ ಆಡಿದ ಮಾತು ನಾರ್ವೆಯನ್ನು ಕಟ್ಟಿಹಾಕಿತೆಂದು 1933ರಲ್ಲಿ ಹೇಗ್‌ನಲ್ಲಿ ತೀರ್ಪಾಯಿತು.

ಬೀದರಿನಿಂದ ಬಸವಕಲ್ಯಾಣದ ಕಡೆ ಹೊರಟರೆ ಗೋರಟಾ ಗ್ರಾಮಕ್ಕೆ ಹೋಗದೆ ಬರಬಾರದು. ಈ ಸೀಮೆ ಹೈದರಾಬಾದಿನ ನಿಜಾಮನ ಆಳ್ವಿಕೆಯಲ್ಲಿದ್ದಾಗ, 1948ರ ಮೇ ತಿಂಗಳಲ್ಲಿ, ಅವನ ಪರವಾದ ಸಶಸ್ತ್ರ ಪಡೆಯ ರಜಾಕಾರರು ಇಲ್ಲಿ ಇನ್ನೂರರಷ್ಟು ಜನರನ್ನು ಕೊಂದರೆಂದು ಹೇಳುತ್ತಾರೆ. ಅದೇ ಸೆಪ್ಟೆಂಬರಿನಲ್ಲಿ ಭಾರತೀಯ ಸೇನೆ ಹೈದರಾಬಾದ್ ಸಂಸ್ಥಾನದಲ್ಲಿ ನಡೆಸಿದ ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ಭಾರತ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ದಾಖಲಿಸಿತು. ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿ, ಬೀದರ್ ಎರಡೂ ಇವೆ. ಒಂದನ್ನು ನೆನೆದು ಇನ್ನೊಂದನ್ನು ಮರೆಯುವುದು ಸತ್ಯಕ್ಕೆ ದ್ರೋಹ. ಒಂದೇ ದೇಶದೊಳಗಿನ ಸಶಸ್ತ್ರ ಸಂಘರ್ಷದಲ್ಲಿ ನಿರಾಯುಧರನ್ನು ಮುಟ್ಟಬಾರದೆನ್ನುವ ಜಿನೀವಾ ಒಪ್ಪಂದಗಳ 3ನೇ ವಿಧಿ ಅಂಗೀಕಾರವಾದದ್ದು 1949ರ ಆಗಸ್ಟ್ 12ರಂದು. ಈ ಊರುಗಳ ಪಾಲಿಗೆ ಅದು ತಡವಾಯಿತು.

ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ನೆನಪಿಗೆ ಪ್ರತಿ ಸೆಪ್ಟೆಂಬರ್ 17ರಂದು ಈ ಜಿಲ್ಲೆಗಳಲ್ಲಿ ಧ್ವಜ ಹಾರುತ್ತದೆ. ಆ ದಿನದ ಹಿಂದೆ ವಿಶ್ವಸಂಸ್ಥೆಯವರೆಗೆ ಹೋದ ವ್ಯಾಜ್ಯವೊಂದಿದೆ, ಅದನ್ನು ನಮ್ಮ ಶಾಲೆಗಳಲ್ಲಿ ಬಿಡಿಸಿ ಹೇಳುವುದು ಕಡಿಮೆ. 1800ರ ಅಕ್ಟೋಬರ್ 12ರ ಒಪ್ಪಂದದಲ್ಲಿ ನಿಜಾಮ, ಈಸ್ಟ್ ಇಂಡಿಯಾ ಕಂಪನಿಯೊಡನೆ ಸಮಾಲೋಚಿಸದೆ ಬೇರೆ ಯಾವ ಶಕ್ತಿಯೊಂದಿಗೂ ಮಾತುಕತೆ ನಡೆಸುವುದಿಲ್ಲವೆಂದು ಒಪ್ಪಿದ್ದ. 1926ರಲ್ಲಿ ವೈಸ್‌ರಾಯ್ ರೀಡಿಂಗ್, ಯಾವ ಸಂಸ್ಥಾನಿಕನೂ ಬ್ರಿಟಿಷ್ ಸರ್ಕಾರದೊಡನೆ ಸರಿಸಮನಾಗಿ ವ್ಯವಹರಿಸಲಾರ ಎಂದು ನಿಜಾಮನಿಗೇ ಬರೆದ. 1947ರ ಸ್ವಾತಂತ್ರ್ಯ ಕಾಯ್ದೆಯ 7ನೇ ಸೆಕ್ಷನ್ ಆ ಅಧೀನತೆಯನ್ನೂ ಆ ಒಪ್ಪಂದಗಳನ್ನೂ ರದ್ದುಮಾಡಿತು. ಹಾಗಾದರೆ ಉಳಿದದ್ದೇನು? ಬಂಧನ ಕಳಚಿತು, ಆದ್ದರಿಂದ ನಾವು ಸ್ವತಂತ್ರ ರಾಜ್ಯ ಎಂದಿತು ಹೈದರಾಬಾದ್. ಇಲ್ಲದ ಪರಮಾಧಿಕಾರವು ಅಧೀನತೆ ಬಿದ್ದುಹೋದ ಮಾತ್ರಕ್ಕೆ ಹುಟ್ಟುವುದಿಲ್ಲ ಎಂದಿತು ಭಾರತ. ರಾಜ್ಯವೆನಿಸಲು 1933ರ ಮಾಂಟೆವಿಡಿಯೊ ಒಪ್ಪಂದ ನಾಲ್ಕು ಲಕ್ಷಣ ಹೇಳುತ್ತದೆ: ಸ್ಥಿರ ಜನಸಂಖ್ಯೆ, ಗೊತ್ತಾದ ಗಡಿ, ಸರ್ಕಾರ, ಹೊರಗಿನವರೊಡನೆ ಸಂಬಂಧ ಬೆಳೆಸುವ ಸಾಮರ್ಥ್ಯ. ಮೊದಲ ಮೂರರಲ್ಲಿ ದೊಡ್ಡ ತಕರಾರಿಲ್ಲ, ಜಗಳವೆಲ್ಲ ನಾಲ್ಕನೆಯದರಲ್ಲಿ.

ಭಾರತ ಮತ್ತು ಹೈದರಾಬಾದಿನ ನಡುವಿನ 1947ರ ನವೆಂಬರ್ 29ರ ಯಥಾಸ್ಥಿತಿ ಒಪ್ಪಂದವನ್ನು ಮೊದಲಿನಿಂದ ಕೊನೆಯವರೆಗೆ ಓದಿದರೆ ಈ ಜಗಳ ಕಣ್ಣಿಗೆ ಕಟ್ಟುತ್ತದೆ. 1ನೇ ಕಲಂ: ವಿದೇಶಾಂಗ, ರಕ್ಷಣೆ, ಸಂಪರ್ಕದ ವಿಷಯದಲ್ಲಿ ಬ್ರಿಟಿಷರೊಡನೆ ಇದ್ದ ವ್ಯವಸ್ಥೆ ಭಾರತದೊಡನೆ ಮುಂದುವರಿಯಬೇಕು. 3ನೇ ಕಲಂ: ಇದರಿಂದ ಭಾರತಕ್ಕೆ ಬ್ರಿಟಿಷರಿಗಿದ್ದಂಥ ಅಧಿರಾಜತ್ವದ (ಸಂಸ್ಥಾನದ ಮೇಲಿನ ಮೇಲಾಳ್ವಿಕೆಯ) ಅಧಿಕಾರ ಬರುವುದಿಲ್ಲ. ಭಾರತ 1ನ್ನು ಹಿಡಿಯಿತು, ಹೈದರಾಬಾದ್ 3ನ್ನು ಹಿಡಿಯಿತು. ಒಪ್ಪಂದವನ್ನು ಅರ್ಥೈಸುವ ಕ್ರಮ (ವಿಯೆನ್ನಾ ಒಪ್ಪಂದದ 31ನೇ ವಿಧಿ) ಇಂಥ ಆಯ್ಕೆಗೆ ಅವಕಾಶ ಕೊಡುವುದಿಲ್ಲ. ಪದಗಳ ಸಾಮಾನ್ಯ ಅರ್ಥ, ಇಡೀ ಒಪ್ಪಂದದ ಸಂದರ್ಭ, ಅದರ ಉದ್ದೇಶ ಮೂರನ್ನೂ ಒಟ್ಟಿಗೆ ಇಟ್ಟು ಓದಬೇಕು. ಆಮೇಲೂ ಅಸ್ಪಷ್ಟವಾಗಿದ್ದರೆ ಮಾತುಕತೆಯ ಕಡತಗಳಿಗೆ ಹೋಗಬಹುದು. ಹಾಗೆ ಓದುವವರು ಯಾರೆಂಬುದಕ್ಕೂ 4ನೇ ಕಲಮಿನಲ್ಲಿ ಉತ್ತರವಿತ್ತು: ಪ್ರತಿ ಪಕ್ಷಕ್ಕೊಬ್ಬ ಪಂಚ, ಅವರಿಬ್ಬರ ಮೇಲೊಬ್ಬ ನಿರ್ಣಾಯಕ. ಎರಡೂ ಕಡೆಯವರು ಉಲ್ಲಂಘನೆಯ ದೂರುಗಳನ್ನು ರಾಶಿ ಹಾಕಿದರು, ಪಂಚಾಯ್ತಿ ಮಾತ್ರ ಸೇರಲೇ ಇಲ್ಲ. ಅಂತರರಾಷ್ಟ್ರೀಯ ಕಾನೂನು ಎಡವುವುದು ಬಹುಪಾಲು ಇಲ್ಲೇ. ನಿಯಮದ ಕೊರತೆ ಇರುವುದಿಲ್ಲ, ಪಂಚರ ಮುಂದೆ ಬಂದು ನಿಲ್ಲುವ ಒಪ್ಪಿಗೆಯ ಕೊರತೆ ಇರುತ್ತದೆ.

1948ರ ಆಗಸ್ಟ್ 21ರಂದು ಹೈದರಾಬಾದ್ ಭದ್ರತಾ ಮಂಡಳಿಗೆ ತಂತಿ ಕಳಿಸಿತು. ಸದಸ್ಯವಲ್ಲದ ರಾಜ್ಯವೂ ದೂರು ತರಬಹುದೆನ್ನುವ ವಿಶ್ವಸಂಸ್ಥೆಯ ಸನ್ನದಿನ 35(2)ನೇ ವಿಧಿ ಅದರ ಆಧಾರ. ಇದು ಆಂತರಿಕ ವಿಷಯ ಎನ್ನುವ 2(7)ನೇ ವಿಧಿ ಭಾರತದ ಉತ್ತರ. ಸೆಪ್ಟೆಂಬರ್ 13ಕ್ಕೆ ಸೇನೆ ಒಳನುಗ್ಗಿತು. 16ರಂದು ಪ್ಯಾರಿಸ್ಸಿನಲ್ಲಿ ಮಂಡಳಿ ದೂರನ್ನು ಕಾರ್ಯಸೂಚಿಗೆ ಸೇರಿಸಿಕೊಂಡಿತು: ಪರ 8, ವಿರೋಧ ಇಲ್ಲ, ತಟಸ್ಥ 3. ಹೈದರಾಬಾದ್ ರಾಜ್ಯವೇ ಅಲ್ಲವೇ ಎಂಬುದನ್ನು ಅದು ತೀರ್ಮಾನಿಸಲಿಲ್ಲ. 17ಕ್ಕೆ ನಿಜಾಮ ಕದನ ನಿಲ್ಲಿಸಿದ, 22ಕ್ಕೆ ದೂರು ಹಿಂತೆಗೆಯುವ ಸಂದೇಶ ಹೋಯಿತು. 1949ರ ಮೇವರೆಗೆ ಚರ್ಚೆಯಾದರೂ ಯಾವ ನಿರ್ಣಯವೂ ಬರಲಿಲ್ಲ.

ಹಣದ ವ್ಯಾಜ್ಯ ಮಾತ್ರ ಮುಗಿಯಲಿಲ್ಲ. 1948ರ ಸೆಪ್ಟೆಂಬರ್ 20ರಂದು ಹೈದರಾಬಾದಿನ 10,07,490 ಪೌಂಡು 9 ಶಿಲಿಂಗ್ ಲಂಡನ್ನಿನ ಬ್ಯಾಂಕಿನಲ್ಲಿ ಪಾಕಿಸ್ತಾನದ ಹೈಕಮಿಷನರ್ ಹೆಸರಿಗೆ ಹೋಯಿತು. ವಾಪಸ್ ಕೇಳಿದ ನಿಜಾಮನಿಗೆ ಅಡ್ಡ ಬಂದದ್ದು ಪರರಾಜ್ಯ ವಿನಾಯಿತಿ: ಒಂದು ರಾಜ್ಯವನ್ನು ಅದರ ಒಪ್ಪಿಗೆಯಿಲ್ಲದೆ ಇನ್ನೊಂದರ ಕೋರ್ಟಿಗೆ ಎಳೆಯುವಂತಿಲ್ಲ. ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 1957ರಲ್ಲಿ ಅದನ್ನೇ ಎತ್ತಿಹಿಡಿದು ಹಣ ಅಲ್ಲೇ ಸಿಕ್ಕಿಬಿತ್ತು. 2013ರಲ್ಲಿ ಪಾಕಿಸ್ತಾನ ತಾನೇ ದಾವೆ ಹೂಡಿತು. ದಾವೆ ಹೂಡಿದವನಿಗೆ ವಿನಾಯಿತಿ ಉಳಿಯುವುದಿಲ್ಲ. ಹಿಂತೆಗೆಯಲು ನೋಡಿದರೂ ಕೋರ್ಟು ಬಿಡಲಿಲ್ಲ. 2019ರ ಅಕ್ಟೋಬರ್ 2ರಂದು, ಬಡ್ಡಿಯಿಂದ ಸುಮಾರು 3.5 ಕೋಟಿ ಪೌಂಡಿಗೆ ಬೆಳೆದಿದ್ದ ಮೊತ್ತ ಭಾರತ ಮತ್ತು ನಿಜಾಮನ ಮೊಮ್ಮಕ್ಕಳ ಪಾಲೆಂದು ತೀರ್ಪಾಯಿತು.

ಮರಳಿ ಕಲಬುರಗಿಗೆ ಬಂದು ದಕ್ಷಿಣಕ್ಕೆ ಇಳಿದರೆ ಯಾದಗಿರಿ ಜಿಲ್ಲೆ. ಶಹಾಪುರದ ಬುದ್ಧ ಮಲಗಿದಂತೆ ಕಾಣುವ ಬೆಟ್ಟ ದಾಟಿ ಸುರಪುರ. ಗುಡ್ಡದ ಮೇಲೆ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನ ಮನೆ ಟೇಲರ್ ಮಂಜಿಲ್, ಕೆಳಗೆ ಬೇಡ ನಾಯಕರ ಊರು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದು ಸೋತ. ಸಂಸ್ಥಾನ ಅವರ ವಶವಾಯಿತು. 1860ರ ಒಪ್ಪಂದದಲ್ಲಿ, 1857ರಲ್ಲಿ ಜೊತೆ ನಿಂತ ನಿಜಾಮನಿಗೆ ಬ್ರಿಟಿಷರು ಅದನ್ನು ಕೊಟ್ಟರು. ಸುರಪುರದವರನ್ನು ಯಾರೂ ಕೇಳಲಿಲ್ಲ. ಅಂದಿನ ಕಾನೂನಿನಲ್ಲಿ ಕೇಳಬೇಕೆಂಬ ನಿಯಮವೂ ಇರಲಿಲ್ಲ.

ಈಗ ಭಾರತ ನೆಲ ಬಿಟ್ಟುಕೊಡಬೇಕಾದರೆ ಸರ್ಕಾರದ ಸಹಿ ಸಾಲದು, ಸಂವಿಧಾನ ತಿದ್ದುಪಡಿಯೇ ಆಗಬೇಕೆಂದು 1960ರ ಬೇರುಬಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜಮೀನಿನ ಕರಾರುಪತ್ರಕ್ಕೂ ನೋಂದಾಯಿತ ಖರೀದಿಗೂ ಇರುವಷ್ಟೇ ಅಂತರ ಸಹಿಗೂ ಅನುಮೋದನೆಗೂ ಇದೆ. ಬಾಂಗ್ಲಾದೇಶದೊಡನೆ 1974ರಲ್ಲಿ ಸಹಿಯಾದ ಗಡಿ ಒಪ್ಪಂದವನ್ನು ಭಾರತ ಅನುಮೋದಿಸಿದ್ದು 100ನೇ ತಿದ್ದುಪಡಿಯ ನಂತರ, 2015ರಲ್ಲಿ. ಆ ವರ್ಷದ ಜುಲೈ 31ರ ನಡುರಾತ್ರಿ ಒಂದು ದೇಶದ್ದಾಗಿ ಇನ್ನೊಂದರೊಳಗೆ ಸಿಕ್ಕಿಕೊಂಡಿದ್ದ ತುಂಡುಭೂಮಿಗಳು, ಭಾರತದ 111, ಬಾಂಗ್ಲಾದ 51, ಅದಲುಬದಲಾದವು. ಅದಕ್ಕೆ ಮೊದಲು ಎರಡೂ ಕಡೆಯ ಅಧಿಕಾರಿಗಳು ಮನೆಮನೆಗೆ ಹೋಗಿ, ಯಾವ ದೇಶದ ಪೌರತ್ವ ಬೇಕೆಂದು ಅಲ್ಲಿನ ಜನರನ್ನು ಕೇಳಿ ಬರೆದುಕೊಂಡರು.