ಬೆಂಚಿನ ಕೆಳಗೆ

ಚಿಕ್ಕಮಗಳೂರಿನಲ್ಲಿ ಮೂರು ದಿನದಿಂದ ಬಿಡದೆ ಜಡಿಮಳೆ. ತಂಗಿಯ ಮಗನನ್ನು ಕರೆತರಲು ಇಂದು ಶಾಲೆಗೆ ಹೋಗಿದ್ದೆ. ಮೇಲೆ ತಗಡಿನ ಚಾವಣಿಗೆ ಮಳೆ ಬಡಿಯುತ್ತಿತ್ತು, ಒಳಗೆ ನಲವತ್ತು ಮಕ್ಕಳು ಮಗ್ಗಿ ಕೂಗುತ್ತಿದ್ದರು. ಇವನು ಎರಡೂ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಕುಳಿತಿದ್ದ. ಆಟಿಸಂ ಇರುವ ಮಗು, ಅಂದರೆ ಮಿದುಳು ಬೆಳೆಯುವ ರೀತಿಯೇ ಬೇರೆ; ಇಂಥ ಗದ್ದಲ ಇವನಿಗೆ ತಡೆಯಲಾಗದು. “ಹಟ ಜಾಸ್ತಿ, ನೀವೇ ಸ್ವಲ್ಪ ಬುದ್ಧಿ ಹೇಳಿ” ಎಂದರು ಮೇಷ್ಟ್ರು. ಕೆಟ್ಟವರಲ್ಲ, ಪಾಪ. ಅವರಿಗೂ ಯಾರೂ ಹೇಳಿಕೊಟ್ಟಿಲ್ಲ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಇದೆ, ಕಲಿಕಾ ನ್ಯೂನತೆಯೂ ಇದೆ. ಪರೀಕ್ಷೆಗೆ ಹೆಚ್ಚುವರಿ ಸಮಯ, ಉತ್ತರ ಬರೆದುಕೊಡುವವರ ನೆರವು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ, ಎಲ್ಲವನ್ನೂ ಅದು ಹೇಳುತ್ತದೆ. ಸರಿ, ಆದರೆ ಪರೀಕ್ಷೆ ವರ್ಷಕ್ಕೆ ಕೆಲವೇ ದಿನ, ಗದ್ದಲ ದಿನವೂ. ಇವನಿಗೆ ಬೇಕಾದದ್ದು ಗೋಡೆ ಬದಿಯಲ್ಲೊಂದು ಜಾಗ, ಸದ್ದು ತಗ್ಗಿಸುವ ಹೆಡ್‌ಫೋನ್ ಹಾಕಿಕೊಳ್ಳಲು ಅನುಮತಿ, ಮುಂದಿನ ಪೀರಿಯಡ್ ಯಾವುದೆಂದು ತಿಳಿಸಲು ಬೋರ್ಡಿನ ಮೂಲೆಯಲ್ಲೊಂದು ಚಿತ್ರ. ಒಂದು ತುಂಡು ಸೀಮೆಸುಣ್ಣಕ್ಕೆ ಎಷ್ಟು ಖರ್ಚಾದೀತು?

ಬಸ್ ನಿಲ್ದಾಣಕ್ಕೆ ಬಂದೊಡನೆ ಬೇರೆಯೇ ಹುಡುಗ. (ಅಲ್ಲಿನ ಹಾರ್ನ್ ಸದ್ದನ್ನು ಹೇಗೆ ತಡೆದುಕೊಳ್ಳುತ್ತಾನೋ, ನನಗಿನ್ನೂ ಅರ್ಥವಾಗಿಲ್ಲ.) ಆಲ್ದೂರಿನ ಮೇಲೆ ಮೂಡಿಗೆರೆಗೆ ಹೋಗುವ ಬಸ್ಸುಗಳ ಸಮಯವನ್ನು ಒಂದೂ ಬಿಡದೆ ಒಪ್ಪಿಸಿದ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು “ಕಡೂರಿನ ಬಸ್ ಎಷ್ಟು ಹೊತ್ತಿಗೆ ಮಗೂ?” ಎಂದು ಕೇಳಿದರು. ಥಟ್ಟನೆ ಹೇಳಿದ. ಬಸ್ಸೇ ಐದು ನಿಮಿಷ ತಡವಾಗಿ ಬಂತು. ಅವನು ಚಾಲಕನನ್ನು ದುರುಗುಟ್ಟಿ ನೋಡಿದ್ದನ್ನು ನೆನೆದು ಈಗಲೂ ನಗುತ್ತಿದ್ದೇನೆ.