ಚರ್ಚಿನ ಬಾಗಿಲಿಂದ ವಿಮಾನದ ಬಾಗಿಲಿಗೆ

ಚರ್ಚಿನ ಸಭೆಗೆ ವಿದೇಶದಿಂದ ಬಂದ ಅತಿಥಿಗಳನ್ನು ಕಳಿಸಿಕೊಡುವ ಪಯಣ ಶುರುವಾಗುವುದು ಟಿಕೆಟ್ಟಿನ ತಾರೀಖನ್ನು ಇನ್ನೊಮ್ಮೆ ಓದುವುದರಿಂದ. ವಿಮಾನ ಸೋಮವಾರ 00:40ಕ್ಕೆ ಎಂದಿದ್ದರೆ ಅತಿಥಿಗಳು ಮನೆ ಬಿಡುವುದು ಭಾನುವಾರ ಸಂಜೆ. ಅದನ್ನು ಸೋಮವಾರ ರಾತ್ರಿ ಎಂದು ತಿಳಿದು ಬೀಳ್ಕೊಡುಗೆಯನ್ನು ಸೋಮವಾರ ಸಂಜೆಗೆ ಇಟ್ಟರೆ, ದೀಪ ಹಚ್ಚುವ ಹೊತ್ತಿಗೆ ವಿಮಾನ ಹೋಗಿ ಹದಿನೆಂಟು ಗಂಟೆ ಆಗಿರುತ್ತದೆ. ಆದ್ದರಿಂದ ವಾಟ್ಸ್‌ಆ್ಯಪ್ ಗುಂಪಿಗೆ ವಿಮಾನದ ವೇಳೆ ಹಾಕಲೇಬಾರದು, ವ್ಯಾನು ಹೊರಡುವ ದಿನ ಮತ್ತು ಗಂಟೆ ಹಾಕಿದರೆ ಸಾಕು. ವೀಸಾ ಭಾನುವಾರಕ್ಕೇ ಮುಗಿಯುವಂತಿದ್ದರೆ ಇನ್ನೊಂದು ತೊಡಕು. ಇಮಿಗ್ರೇಷನ್ ಮುದ್ರೆ ಮಧ್ಯರಾತ್ರಿ ದಾಟಿ ಬಿದ್ದರೆ ಅವಧಿ ಮೀರಿ ಉಳಿದ ಲೆಕ್ಕಕ್ಕೆ ಬರಬಹುದು. ಇದನ್ನು ಒಂದು ವಾರ ಮೊದಲೇ ವಿಚಾರಿಸಿಕೊಳ್ಳಬೇಕು.

ಹತ್ತು ಜನರ ತಂಡ, ವಿಮಾನ ನಿಲ್ದಾಣಕ್ಕೆ ಎರಡು ಗಂಟೆಯ ದಾರಿ ಎಂದಿಟ್ಟುಕೊಳ್ಳಿ. ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ವಿಮಾನಕ್ಕೆ ಒಂದು ಗಂಟೆ ಮೊದಲು, ಅಂದರೆ 23:40ಕ್ಕೆ ಮುಚ್ಚುತ್ತದೆ. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಮೂರು ಗಂಟೆ ಮುಂಚೆ ಇರಬೇಕಾದ್ದರಿಂದ 21:40ಕ್ಕೆ ಟರ್ಮಿನಲ್. ದಾರಿಗೆ ಎರಡು ಗಂಟೆ, ಪಂಕ್ಚರ್ ಅಥವಾ ಟ್ರಾಫಿಕ್ಕಿಗೆ ಒಂದು ಗಂಟೆ. 18:40ಕ್ಕೆ ಚಕ್ರ ಉರುಳಲೇಬೇಕು. ಹತ್ತು ಜನರಿಗೆ ಇಪ್ಪತ್ತು ಪೆಟ್ಟಿಗೆ ಇದ್ದರೆ ಹೇರುವುದಕ್ಕೇ ಮುಕ್ಕಾಲು ಗಂಟೆ ಬೇಕು. ಹನ್ನೆರಡು ಸೀಟಿನ ವ್ಯಾನಿನಲ್ಲಿ ಹತ್ತು ಜನ ಕೂತರೆ ಇಪ್ಪತ್ತು ಪೆಟ್ಟಿಗೆಗೆ ಜಾಗ ಉಳಿಯುವುದಿಲ್ಲ. ಸಾಮಾನಿಗೆ ಬೇರೆ ಗಾಡಿ ಹೇಳಿಡಬೇಕು. ಇದು ನೆನಪಾಗುವುದು ಸಾಧಾರಣವಾಗಿ ಆರೂವರೆಗೆ, ಅಂಗಳದಲ್ಲಿ.

ಪೆಟ್ಟಿಗೆಯ ತೂಕ ಶನಿವಾರ ರಾತ್ರಿಯ ಕೆಲಸ. ಎಕಾನಮಿ ದರ್ಜೆಯಲ್ಲಿ ಬಹಳಷ್ಟು ಕಂಪನಿಗಳು ಒಂದು ಪೆಟ್ಟಿಗೆಗೆ 23 ಕಿಲೋ ಕೊಡುತ್ತವೆ. 32 ಕಿಲೋ ಮೀರಿದ ಒಂಟಿ ಪೆಟ್ಟಿಗೆಯನ್ನು ಹೆಚ್ಚಿನ ದುಡ್ಡು ಕೊಟ್ಟರೂ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ, ಅದನ್ನು ಎತ್ತುವವರ ಬೆನ್ನಿನ ಪ್ರಶ್ನೆ. ಕೊಕ್ಕೆಯ ತಕ್ಕಡಿಯಲ್ಲಿ ತೂಗುವಾಗ ಪೆಟ್ಟಿಗೆಯನ್ನು ನೇರ ಮೇಲೆತ್ತಿ, ಅಂಕಿ ನಿಲ್ಲುವವರೆಗೆ ಅಲುಗಾಡದೆ ಹಿಡಿಯಬೇಕು. ಪೆಟ್ಟಿಗೆಯ ಒಂದು ಮೂಲೆ ಮೊಣಕಾಲಿಗೆ ತಾಗಿದರೂ ತೂಕ ಕಡಿಮೆ ತೋರಿಸುತ್ತದೆ, ಮನೆಯಲ್ಲಿ 22.8 ಇದ್ದದ್ದು ಕೌಂಟರಿನಲ್ಲಿ 24 ಆಗುವುದು ಹೀಗೆ. 22ಕ್ಕೇ ನಿಲ್ಲಿಸುವುದು ಕ್ಷೇಮ.

ತೂಕ ಕೆಡಿಸುವುದು ಅತಿಥಿಗಳ ಬಟ್ಟೆಯಲ್ಲ, ಸಭೆಯ ಪ್ರೀತಿ. ವೇದಿಕೆಯ ಮೇಲೆ ಕೊಡುವ ಗಾಜಿನ ಚೌಕಟ್ಟಿನ ಫೋಟೋ, ಲೋಹದ ಸ್ಮರಣಿಕೆ, ದಪ್ಪ ರಟ್ಟಿನ ಗ್ರಂಥ ಎಲ್ಲವೂ ಪೆಟ್ಟಿಗೆ ಮುಚ್ಚಿದ ಮೇಲೆ ಕೈಗೆ ಬರುತ್ತವೆ. ಉಡುಗೊರೆ ಕೊಡುವುದನ್ನು ಕೊನೆಯ ದಿನಕ್ಕಿಂತ ಎರಡು ದಿನ ಮೊದಲೇ ಮುಗಿಸಿ, ತಲೆಗೆ ಅರ್ಧ ಕಿಲೋ ದಾಟದಂತೆ, ಮಡಚಲು ಬರುವಂಥದ್ದನ್ನೇ ಕೊಟ್ಟರೆ ಇಬ್ಬರಿಗೂ ಸುಖ. ಜೇನು, ಜ್ಯಾಮ್ ಕೈಚೀಲದ ತಪಾಸಣೆಯಲ್ಲಿ ದ್ರವದ ಲೆಕ್ಕಕ್ಕೆ ಬರುತ್ತವೆ. 100 ಮಿಲಿಲೀಟರ್ ಮಿತಿ ಇರುವ ಕಡೆ ನೋಡುವುದು ಬಾಟಲಿಯ ಅಳತೆಯನ್ನು. 200ರ ಬಾಟಲಿಯ ತಳದಲ್ಲಿ ಐವತ್ತೇ ಉಳಿದಿದ್ದರೂ ಕಸದ ಬುಟ್ಟಿಗೇ. ತಂಡ ತಂದ ವೈರ್‌ಲೆಸ್ ಮೈಕಿನ ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ಇವು ಮಾತ್ರ ಕೈಚೀಲದಲ್ಲೇ ಹೋಗಬೇಕು. ಮಿತಿ 100 ವ್ಯಾಟ್-ಅವರ್: 20,000 ಎಂಎಎಚ್‌ನದ್ದನ್ನು 3.7 ವೋಲ್ಟಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 74, ತೊಂದರೆಯಿಲ್ಲ.

ಅತಿಥಿಗಳು ಆಸ್ಟ್ರೇಲಿಯಾ ಅಥವಾ ನ್ಯೂಜಿಲೆಂಡಿನವರಾದರೆ ಉಡುಗೊರೆಯನ್ನು ಕೈಯಲ್ಲಿ ಹಿಡಿದು, ಅದು ಯಾವುದರಿಂದ ಆಗಿದೆ ಎಂದು ನೋಡಬೇಕು. ಬೀಜದ ಮಣಿಗಳ ಜಪಮಾಲೆ, ಗರಿಗಳ ಭಾನುವಾರದ ಒಣ ಗರಿಯ ಶಿಲುಬೆ, ತೊಗಟೆ ಉಳಿದಿರುವ ಮರದ ಕೆತ್ತನೆ, ಅದನ್ನು ಸುತ್ತಿದ ಹುಲ್ಲು ಇವೆಲ್ಲ ಅಲ್ಲಿನ ಜೈವಿಕ ಸುರಕ್ಷತೆಯ ನಿಯಮದೊಳಗೆ ಬರುತ್ತವೆ. ಘೋಷಿಸಿದರೆ ಹೆಚ್ಚೆಂದರೆ ವಸ್ತು ಹೋದೀತು. ಮುಚ್ಚಿಟ್ಟು ಸಿಕ್ಕಿಬಿದ್ದರೆ ನ್ಯೂಜಿಲೆಂಡಿನಲ್ಲಿ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ ಬೀಳಬಹುದು.

ಇನ್ನು ಆ ಪೊಟ್ಟಣ. ಪ್ರತಿ ಸಭೆಯಲ್ಲೂ ಒಬ್ಬರು ಕೊನೆ ಗಳಿಗೆಯಲ್ಲಿ ಬಂದು, 'ಅಲ್ಲೇ ಹತ್ತಿರ ನಮ್ಮ ಮಗ ಇದ್ದಾನೆ, ಇದನ್ನೊಂದು ತಲುಪಿಸಿಬಿಡಿ' ಎನ್ನುತ್ತಾರೆ. ಅತಿಥಿಗೆ ಇಲ್ಲ ಎನ್ನಲು ಸಂಕೋಚ. 'ನಿಮ್ಮ ಪೆಟ್ಟಿಗೆಯನ್ನು ನೀವೇ ಕಟ್ಟಿದಿರಾ' ಎಂಬ ಪ್ರಶ್ನೆಗೆ ಉತ್ತರಿಸಬೇಕಾದವರು ಅವರೇ ಆದ್ದರಿಂದ, ಬೇಡವೆನ್ನುವ ಕೆಲಸವನ್ನು ಸಭೆಯ ಹಿರಿಯರೊಬ್ಬರಿಗೆ ಮೊದಲೇ ಒಪ್ಪಿಸಿರಬೇಕು.

ಪ್ರಾರ್ಥನೆ ಚರ್ಚಿನ ಬಾಗಿಲಲ್ಲೇ ಆಗಿಬಿಡಬೇಕು, ಸಾಮಾನು ಹೇರಿದ ಮೇಲೆ. ಬೈಬಲಿನ ಅಪೊಸ್ತಲರ ಕೃತ್ಯಗಳು 20ನೇ ಅಧ್ಯಾಯದಲ್ಲಿ ಪೌಲನು ಎಫೆಸದ ಹಿರಿಯರನ್ನು ಮಿಲೇತಕ್ಕೆ ಕರೆಸಿ, ಮಾತು ಮುಗಿಸಿ, ಮೊಣಕಾಲೂರಿ ಪ್ರಾರ್ಥಿಸುತ್ತಾನೆ; ಅಳು, ಅಪ್ಪುಗೆ ಎಲ್ಲ ಮುಗಿದ ಮೇಲೆ ಅವರು ಹಡಗಿನ ತನಕ ಹೋಗುತ್ತಾರೆ. ಮುಂದಿನ ಅಧ್ಯಾಯದಲ್ಲಿ ತೂರ್ ಪಟ್ಟಣದವರು ಕಡಲ ದಂಡೆಯಲ್ಲೇ ಮೊಣಕಾಲೂರಿದರು ನಿಜ. ಆದರೆ ಅವರ ಬೆನ್ನ ಹಿಂದೆ ಹಾರ್ನ್ ಹೊಡೆಯುವ ಟ್ಯಾಕ್ಸಿಗಳಿರಲಿಲ್ಲ. ಅನುವಾದಕರಿದ್ದರೆ ಹತ್ತು ನಿಮಿಷದ ಪ್ರಾರ್ಥನೆ ಇಪ್ಪತ್ತಾಗುತ್ತದೆ ಎಂಬುದನ್ನು ಸಭಾಪಾಲಕರಿಗೆ ನೆನಪಿಸಬೇಕು. ಬೈಬಲಿನ ಅರಣ್ಯಕಾಂಡ 6:24-26ರ ಆಶೀರ್ವಾದವನ್ನು ಹೇಳಲು ಅರ್ಧ ನಿಮಿಷ ಸಾಕು. ಯಾವ ವಚನ ಎಂದು ಅತಿಥಿಗಳಿಗೆ ಮೊದಲೇ ತಿಳಿಸಿದ್ದರೆ ಅನುವಾದ ಬೇಡ.

ಆಮೆನ್ ಆದ ಮೇಲೆ, ಗಾಡಿ ಹೊರಡುವ ಮುಂಚೆ, ಹತ್ತೂ ಜನ ಪಾಸ್‌ಪೋರ್ಟ್ ಕೈಯಲ್ಲಿ ಎತ್ತಿ ತೋರಿಸಲಿ. 'ಬ್ಯಾಗಿನಲ್ಲಿದೆ' ಎಂಬ ಮಾತು ನಡೆಯದು. ಜೆರಾಕ್ಸ್ ಮಾಡಿಸಲು ಕೊಟ್ಟ ಪಾಸ್‌ಪೋರ್ಟ್ ಕಚೇರಿಯ ಯಂತ್ರದೊಳಗೇ ಉಳಿಯುವುದು ಹಳೆಯ ಕಥೆ. ಮರೆತು ಉಳಿಯುವ ಎರಡನೆಯ ಜಾಗ ಆತಿಥೇಯರ ಫ್ರಿಜ್, ಯಾರದಾದರೂ ಇನ್ಸುಲಿನ್ ಅಲ್ಲಿರುತ್ತದೆ. ಅದು ಕೈಚೀಲಕ್ಕೇ ಹೋಗಬೇಕು. ಸಾಮಾನಿನ ಕೋಣೆಯ ಚಳಿಗೆ ಹೆಪ್ಪುಗಟ್ಟಿದರೆ ಕೆಡುತ್ತದೆ.

ಟರ್ಮಿನಲ್ ತನಕ ಚಾಲಕರಲ್ಲದೆ ಇಬ್ಬರು ಹೋದರೆ ಸಾಕು. ಟಿಕೆಟ್ ಇಲ್ಲದವರನ್ನು ಒಳಗೆ ಬಿಡದ ನಿಲ್ದಾಣಗಳಿವೆ, ಗಾಡಿ ನಿಲ್ಲಿಸಲು ಕೆಲವೇ ನಿಮಿಷ ಕೊಡುವ ಕಡೆಗಳೂ ಇವೆ. ಮೂವತ್ತು ಜನ ಬಂದರೆ ಮೂವತ್ತು ಕೈಕುಲುಕು, ಹತ್ತು ಗುಂಪು ಫೋಟೋ. ಆ ಇಬ್ಬರು ಒಂದು ಖಾಲಿ ಚೀಲ ಒಯ್ಯಬೇಕು. ಕೌಂಟರಿನಲ್ಲಿ ತೂಕ ಹೆಚ್ಚಾದಾಗ ಒಳಗಿಂದ ವಾಪಸು ಬರುವ ಚೌಕಟ್ಟು, ಜೇನಿನ ಬಾಟಲಿ ಅದರೊಳಗೆ ಸೇರುತ್ತವೆ. ಯಾವುದು ಯಾರದ್ದು ಎಂದು ಅಲ್ಲೇ ಚೀಟಿ ಅಂಟಿಸಿಕೊಂಡು, ಹತ್ತೂ ಜನ ಇಮಿಗ್ರೇಷನ್ ದಾಟಿದರೆಂಬ ಸಂದೇಶ ಬರುವ ತನಕ ಗಾಡಿಯನ್ನು ಪಾರ್ಕಿಂಗಿನಿಂದ ತೆಗೆಯಬಾರದು.